ಸೊನ್ನೆ ತೋರಿಸಿದ ಬ್ಯಾಡ್ಜ್

ಸುದ್ದಿ ಮೊದಲು ಹಬ್ಬಿದ್ದು ಆಸ್ಪತ್ರೆಯ ಕ್ಯಾಂಟೀನಿನಲ್ಲಿ. ನರ್ಸ್ ನೆವೆನಾ ಊಟದ ತಟ್ಟೆ ಹಿಡಿದು ಬಂದು ಕೂತಳು. ಎದುರಿಗಿದ್ದ ರಕ್ತ ಪರೀಕ್ಷೆ ವಿಭಾಗದ ಪೆನ್ಕಾ ತನ್ನ ಸೂಪಿನ ಬಟ್ಟಲನ್ನು ಮೆಲ್ಲಗೆ ಆಚೆ ಸರಿಸಿಕೊಂಡಳು.

"ಬೇಜಾರು ಮಾಡ್ಕೋಬೇಡ ಕಣೇ. ಮನೇಲಿ ಸಣ್ಣ ಮಗು ಇದೆ ನಂಗೆ."

"ಇದ್ರೆ?"

"ನಿನ್ನ ಬ್ಯಾಡ್ಜಲ್ಲಿ ವಿಕಿರಣ ಜಾಸ್ತಿ ಬಂದಿದೆಯಂತಲ್ಲ. ಎಲ್ಲರೂ ಹೇಳ್ತಿದಾರೆ."

"ನಾನೇನು ಒಲೇನಾ, ಹತ್ರ ಬಂದವರನ್ನೆಲ್ಲ ಸುಡೋದಕ್ಕೆ?" ಎಂದು ನೆವೆನಾ ನಕ್ಕಳು. ನಕ್ಕಳೇನೋ ಸರಿ, ಊಟ ಮಾತ್ರ ಅರ್ಧಕ್ಕೇ ಬಿಟ್ಟು ಎದ್ದಳು.

ಅದು ಬಲ್ಗೇರಿಯಾದಲ್ಲಿ ದಾನ್ಯೂಬ್ ನದಿಯ ದಂಡೆಯ ಮೇಲಿರುವ ಊರು. ಹೆಸರು ಬೇಡ. ಚಿಕ್ಕ ಊರು, ಹೇಳಿದರೆ ಯಾರು ಏನು ಎಂದು ಎಲ್ಲರಿಗೂ ಗೊತ್ತಾಗಿಬಿಡುತ್ತದೆ. ಅಲ್ಲಿನ ಆಸ್ಪತ್ರೆಯ ಕ್ಯಾಥ್ ಲ್ಯಾಬಿನಲ್ಲಿ ನೆವೆನಾಳ ಕೆಲಸ. ಹೃದಯದ ರಕ್ತನಾಳ ಕಟ್ಟಿಕೊಂಡವರಿಗೆ ಮಣಿಕಟ್ಟಿನಿಂದ ಸಣ್ಣ ನಳಿಕೆ ಬಿಟ್ಟು, ಎಕ್ಸ್‌ರೇ ಪರದೆಯ ಮೇಲೆ ದಾರಿ ನೋಡಿಕೊಂಡು ಸ್ಟೆಂಟ್ ಕೂರಿಸುವ ಕೋಣೆ ಅದು. ರೋಗಿಗೆ ಎಚ್ಚರ ಇರುತ್ತದೆ. ಹೆದರಿಕೆಯೂ ಇರುತ್ತದೆ. ಒಳಗಿರುವ ಡಾಕ್ಟರು, ನರ್ಸು, ತಂತ್ರಜ್ಞರು ಎಲ್ಲರೂ ಸೀಸದ ಭಾರದ ಏಪ್ರನ್ ತೊಟ್ಟಿರುತ್ತಾರೆ. ಅದರ ಒಳಗೊಂದು, ಹೊರಗೆ ಸೀಸದ ಕೊರಳಪಟ್ಟಿಯ ಮೇಲೊಂದು ಪುಟ್ಟ ಬ್ಯಾಡ್ಜ್ ಸಿಕ್ಕಿಸಿಕೊಳ್ಳಬೇಕು. ಮೈಗೆ ಎಷ್ಟು ವಿಕಿರಣ ಬಿತ್ತು ಎಂದು ಆ ಬ್ಯಾಡ್ಜ್ ಹಿಡಿದಿಟ್ಟುಕೊಳ್ಳುತ್ತದೆ. ತಿಂಗಳಿಗೊಮ್ಮೆ ಅದನ್ನು ಕಳಿಸಿ ಓದಿಸುತ್ತಾರೆ.

ನೆವೆನಾ ಒಂದು ದಿನವೂ ಬ್ಯಾಡ್ಜ್ ಬಿಟ್ಟವಳಲ್ಲ. ಅದಕ್ಕೇ ಅವಳಿಗೆ ಅಷ್ಟು ವಿಚಿತ್ರ ಅನ್ನಿಸಿದ್ದು. ತಾನು ನಿಲ್ಲುವುದು ಡಾಕ್ಟರಿಗಿಂತ ದೂರ. ಡಾಕ್ಟರಿಗೆ ಜಾಸ್ತಿ ಬಂದ ಸುದ್ದಿಯಿಲ್ಲ, ತನಗೆ ಮಾತ್ರ ಹೇಗೆ ಬಂತು?

ಮರುದಿನ ಎಲಿತ್ಸಾ ಬಂದಳು. ಆ ಜಿಲ್ಲೆಯ ಆಸ್ಪತ್ರೆಗಳಲ್ಲಿ ವಿಕಿರಣದ ಅಳತೆ ನೋಡಿಕೊಳ್ಳುವ ಭೌತವಿಜ್ಞಾನಿ. ಬೈಯಲು ಬಂದಿದ್ದಾಳೆಂದು ಎಲ್ಲರೂ ಮುಖ ಗಂಟು ಹಾಕಿಕೊಂಡು ನಿಂತಿದ್ದರು. ಅವಳು ಕಾಫಿ ಕೇಳಿ ಕೂತಳು.

"ನೆವೆನಾ, ಬ್ಯಾಡ್ಜನ್ನ ಎಕ್ಸ್‌ರೇ ಮೆಷಿನ್ ಹತ್ರ ಎಲ್ಲಾದ್ರೂ ಮರೆತು ಬಿಟ್ಟಿದ್ರಾ?"

"ಇಲ್ಲ."

"ನೀವೇ ಎಕ್ಸ್‌ರೇ ತೆಗೆಸ್ಕೊಂಡ್ರಾ, ಬ್ಯಾಡ್ಜ್ ಹಾಕ್ಕೊಂಡೇ?"

"ಇಲ್ಲಮ್ಮ. ಏನಾಗಿದೆ ನಂಗೆ? ನೇರವಾಗಿ ಹೇಳಿಬಿಡಿ."

"ಏನೂ ಆಗಿಲ್ಲ. ಒಳಗಿನ ಬ್ಯಾಡ್ಜಲ್ಲಿ ತುಂಬ ಕಮ್ಮಿ ಇದೆ. ಅಂದ್ರೆ ಏಪ್ರನ್ ಅದರ ಕೆಲಸ ಮಾಡ್ತಿದೆ. ಕೊರಳ ಹತ್ರದ್ದು ಮಾತ್ರ ಜಾಸ್ತಿ. ಮಿತಿ ದಾಟಿಲ್ಲ. ಆದ್ರೆ ಹೀಗೇ ಬಿಟ್ರೆ ವರ್ಷ ಮುಗಿಯೋದ್ರೊಳಗೆ ಕಣ್ಣಿಗೆ ಇರೋ ಮಿತಿ ದಾಟಬಹುದು. ಅದಕ್ಕೇ ಈಗಲೇ ಬಂದೆ. ಎಲ್ಲಿಂದ ಬಿತ್ತು ಅಂತ ಹುಡುಕೋಣ."

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಡಾಕ್ಟರ್ ತೊಂಚೆವ್ ಗಟ್ಟಿಯಾಗಿ ನಕ್ಕರು. ಊರಿಗೆಲ್ಲ ಅವರೊಬ್ಬರೇ ಹೃದಯದ ಡಾಕ್ಟರು. ಹದಿನೆಂಟು ವರ್ಷದಿಂದ ಅದೇ ಮೇಜಿನ ಪಕ್ಕ ನಿಂತವರು. ದನಿ ದೊಡ್ಡದು, ಮನಸ್ಸು ಮೃದು, ಹಠ ಜಾಸ್ತಿ.

"ಏನಮ್ಮಾ ಎಲಿತ್ಸಾ, ಮೆಷಿನ್‌ಗೆ ಅಂಟಿಕೊಂಡು ನಿಲ್ಲೋನು ನಾನು. ನನ್ನ ಬ್ಯಾಡ್ಜ್ ಏನು ಹೇಳುತ್ತೆ?"

"ಸೊನ್ನೆ."

"ನೋಡು ಮತ್ತೆ! ನಂಗೆ ಸೊನ್ನೆ, ಆಚೆ ಬದೀಲಿ ನಿಲ್ಲೋ ಇವಳಿಗೆ ಜಾಸ್ತಿ. ಇನ್ನೇನು ಹೇಳ್ಬೇಕು? ನಿಮ್ಮ ಬ್ಯಾಡ್ಜ್ ಸುಳ್ಳು ಹೇಳ್ತಿದೆ."

ಎಲಿತ್ಸಾ ಅವರನ್ನೇ ನೋಡಿದಳು. "ನಂಗೆ ಜಾಸ್ತಿ ಕುತೂಹಲ ಇರೋದು ಆ ಸೊನ್ನೆ ಮೇಲೇ ಡಾಕ್ಟ್ರೇ" ಎಂದಳು. ಡಾಕ್ಟರು ಕೈಗಡಿಯಾರ ನೋಡಿಕೊಂಡು ಹೊರಟುಹೋದರು.

ಆ ಭಾನುವಾರ ನೆವೆನಾಳ ಮನೆಯ ಅಂಗಳದಲ್ಲಿ ಚಳಿಗಾಲಕ್ಕೆ ಚಟ್ನಿ ಮಾಡಿಡುವ ಕೆಲಸ. ಚೀಲಗಟ್ಟಲೆ ದಪ್ಪ ಕೆಂಪು ಮೆಣಸಿನಕಾಯಿ. ಗಂಡ ಬೊಯಾನ್ ಸುಡುತ್ತಿದ್ದ, ಅತ್ತೆ ಸ್ತಾಂಕಾ ಸಿಪ್ಪೆ ಸುಲಿಯುತ್ತಿದ್ದಳು. ಸುದ್ದಿ ಹೇಗೋ ಬೊಯಾನನ ಕಿವಿಗೂ ಬಿದ್ದಿತ್ತು.

"ಕೆಲಸ ಬಿಟ್ಬಿಡು ನೆವಾ" ಎಂದ ಅವನು. "ನಾಳೆನೇ ಹೇಳ್ಬಿಡು. ಬಂದರಿನ ಆಫೀಸಲ್ಲಿ ಜಾಗ ಇದೆ, ನಾನು ಮಾತಾಡ್ತೀನಿ."

"ಇಪ್ಪತ್ತು ವರ್ಷ ಕಲ್ತಿದ್ದನ್ನ ಒಲೆಗೆ ಹಾಕಿ ಆಫೀಸಲ್ಲಿ ಸೀಲು ಒತ್ತಲಾ?"

"ನಿನ್ನ ಕೂದಲು ಉದುರಿದ್ರೆ ಆಗ ಏನು ಹೇಳ್ತೀಯ?"

"ಕೂದಲು ಉದುರೋದಾದ್ರೆ ನಿನ್ನ ತಲೆ ನೋಡು ಮೊದಲು. ಎಕ್ಸ್‌ರೇ ಇಲ್ದೇನೇ ಬೋಳಾಗಿದೆ."

ಸ್ತಾಂಕಾ ಕಿಸಕ್ಕನೆ ನಕ್ಕಳು. ಆಮೇಲೆ, "ದಿನಾ ಒಂದು ಲೋಟ ಕೆಂಪು ವೈನ್ ಕುಡೀಬೇಕು. ಅದು ವಿಕಿರಣನ ಮೈಯಿಂದ ಹೊರಗೆ ಹಾಕುತ್ತೆ" ಎಂದಳು.

"ಅತ್ತೆ, ಹಾಗೆ ಆಗೋದಾಗಿದ್ರೆ ನಮ್ಮ ಆಸ್ಪತ್ರೆಯೋರು ಏಪ್ರನ್ ಬಿಟ್ಟು ಪೀಪಾಯಿ ತರಿಸ್ತಿದ್ರು."

ಬೊಯಾನ್ ನಗಲಿಲ್ಲ. ಕೈಯಲ್ಲಿದ್ದ ಇಕ್ಕಳ ಕೆಳಗಿಟ್ಟ. "ನಿಂಗೆ ತಮಾಷೆ. ಅವರು ಏನೂ ಆಗಿಲ್ಲ ಅಂತಾರೆ. ಏನೂ ಆಗಿಲ್ಲ ಅನ್ನೋದನ್ನ ನಾವು ಮೊದಲೂ ಕೇಳಿದೀವಿ."

ಆ ಮಾತಿಗೆ ಸ್ತಾಂಕಾಳ ಕೈ ನಿಂತಿತು. ಚೆರ್ನೋಬಿಲ್‌ನಲ್ಲಿ ಅಣುಸ್ಥಾವರ ಸಿಡಿದ ವಸಂತದಲ್ಲಿ ಬೊಯಾನ್ ಇನ್ನೂ ಚಿಕ್ಕವನು. ಆ ಮೇ ತಿಂಗಳು ಊರಲ್ಲಿ ವಿಕಿರಣದ ಧೂಳು ಹೊತ್ತ ಮಳೆ ಬಂದಿತ್ತು. ತೋಟದ ಎಳೆ ಸೊಪ್ಪು ಕಿತ್ತು ತಂದು ಅವನ ತಟ್ಟೆಗೆ ಅವಳೇ ಬಡಿಸಿದ್ದಳು.

"ಆಗಲೂ ಅಳೆದವರು ಇದ್ರು ಕಣೋ" ಎಂದಳು ಮುದುಕಿ ನಿಧಾನವಾಗಿ. "ಅಳೆದು ತಮ್ಮಲ್ಲೇ ಇಟ್ಕೊಂಡ್ರು. ನಮಗೆ ಹೇಳಲಿಲ್ಲ. ಹೇಳಿದ್ರೆ ನಾನು ಆ ಸೊಪ್ಪು ಮುಟ್ತಿದ್ನಾ?" ಕೈಯಲ್ಲಿದ್ದ ಸಿಪ್ಪೆ ಬಿಸಾಡಿ ಸೊಸೆಯ ಕಡೆ ತಿರುಗಿದಳು. "ಈಗ ಆ ಹುಡುಗಿ ಅಳೆದಿದ್ದನ್ನ ನಿನ್ನ ಮುಖಕ್ಕೇ ಹೇಳಿದ್ಲಲ್ಲ. ಹಾಗಿದ್ರೆ ಅವಳನ್ನ ಬಿಡಬೇಡ. ಹೋಗು, ಎಲ್ಲಿಂದ ಬಂತು ಅಂತ ಕೇಳು. ಅರ್ಥ ಆಗೋ ತನಕ ಕೇಳು. ಕೆಲಸ ಬಿಡೋದು ಇರೋದು ಆಮೇಲಿನ ಮಾತು."

ಬೊಯಾನ್ ಏನೋ ಹೇಳಲು ಬಾಯಿ ತೆರೆದ. ಮೆಣಸಿನಕಾಯಿ ಸೀದ ವಾಸನೆ ಬಂತು, ಒಲೆಯ ಕಡೆ ಓಡಿದ.

ಮಂಗಳವಾರ ಎಲಿತ್ಸಾ ಒಂದು ಪೆಟ್ಟಿಗೆ ತಂದಳು. ಅದರಲ್ಲಿ ಬೇರೆ ತರಹದ ಬ್ಯಾಡ್ಜ್‌ಗಳು. ಇವು ತಿಂಗಳು ಕಾಯುವುದಿಲ್ಲ. ಯಾರ ಮೈಮೇಲೆ ಎಷ್ಟು ಬೀಳುತ್ತಿದೆ ಎಂದು ಆ ಕ್ಷಣವೇ ಒಂದು ಪರದೆಯ ಮೇಲೆ ತೋರಿಸುತ್ತವೆ. ಒಬ್ಬೊಬ್ಬರ ಹೆಸರಿನ ಮುಂದೆ ಒಂದೊಂದು ಪಟ್ಟಿ. ಕಮ್ಮಿ ಇದ್ದರೆ ಹಸಿರು, ಏರಿದರೆ ಹಳದಿ, ಇನ್ನೂ ಏರಿದರೆ ಕೆಂಪು.

"ಡಾಕ್ಟ್ರೇ, ನಿಮಗೂ ಒಂದು ಸಿಕ್ಕಿಸ್ಲಾ?"

"ಸಿಕ್ಕಿಸಮ್ಮ. ನಿನ್ನ ಆಟ ನಾನೂ ನೋಡ್ತೀನಿ" ಎಂದು ತೊಂಚೆವ್ ಎದೆ ಮುಂದೆ ಮಾಡಿದರು.

ಆ ದಿನದ ರೋಗಿ ಗೆಂಚೊ ಎನ್ನುವ ಜೇನು ಸಾಕುವ ಮುದುಕ. ಸಾವಿರ ಜೇನುನೊಣಕ್ಕೆ ಹೆದರದವನು ಒಂದು ನಳಿಕೆಗೆ ಹೆದರಿ ನಡುಗುತ್ತಿದ್ದ. ನೆವೆನಾ ಎಂದಿನಂತೆ ಅವನ ಎಡಗಡೆ, ಭುಜದ ಹತ್ತಿರ ಹೋಗಿ ಕೈ ಹಿಡಿದಳು. ಡಾಕ್ಟರು ಬಲಗಡೆ.

"ನಾನಿದೀನಿ ತಾತ. ಈ ಸಲ ಜೇನು ಹೇಗೆ?"

"ಲಿಂಡನ್ ಹೂವಿನದು ಚೆನ್ನಾಗಿ ಬಂತಮ್ಮ" ಎಂದ ಮುದುಕ. ಅವನ ಉಸಿರು ಸ್ವಲ್ಪ ಹದಕ್ಕೆ ಬಂತು.

ತೊಂಚೆವ್ ಎಕ್ಸ್‌ರೇ ಹೊರಡಿಸುವ ಪೆಡಲನ್ನು ಕಾಲಿನಿಂದ ಒತ್ತಿದರು. ಪರದೆಯಲ್ಲಿ ಹೃದಯ ಮಿಡಿಯಿತು. ಪಕ್ಕದ ಪುಟ್ಟ ಪರದೆಯಲ್ಲಿ ನೆವೆನಾಳ ಪಟ್ಟಿ ಹಸಿರಾಗಿಯೇ ಇತ್ತು. ಆಮೇಲೆ ಇನ್ನೊಂದು ರಕ್ತನಾಳ ನೋಡಲು ಡಾಕ್ಟರು ಮೆಷಿನಿನ ತೋಳನ್ನು ಓರೆ ಮಾಡಿದರು. ನೆವೆನಾಳ ಪಟ್ಟಿ ಸರ್ರನೆ ಮೇಲೆದ್ದು ಹಳದಿಯಾಯಿತು, ಹಿಂದೆಯೇ ಕೆಂಪಾಯಿತು.

"ಅಯ್ಯೋ!" ಎಂದಳು ಅವಳು. ಹೆದರಿಕೆಗಿಂತ ಬೆರಗೇ ಹೆಚ್ಚಾಗಿತ್ತು ಆ ದನಿಯಲ್ಲಿ. "ನಾನು ಅಲ್ಲಾಡಲೇ ಇಲ್ಲವಲ್ಲ!"

"ನೀವು ಅಲ್ಲಾಡಲಿಲ್ಲ, ಮೆಷಿನ್ ಅಲ್ಲಾಡ್ತು" ಎಂದಳು ಎಲಿತ್ಸಾ ಪಕ್ಕದ ಕೋಣೆಯ ಗಾಜಿನ ಆಚೆಯಿಂದ. "ಎಕ್ಸ್‌ರೇ ಹೊರಡೋದು ಮೇಜಿನ ಕೆಳಗಿರೋ ಡಬ್ಬದಿಂದ. ತೋಳು ಓರೆ ಆದಾಗ ಆ ಡಬ್ಬ ನಿಮ್ಮ ಕಡೆಗೇ ಬಂತು. ಕಿರಣ ರೋಗಿಯ ಮೈಗೆ ಬಡಿದು ಸುತ್ತಲೂ ಸಿಡಿಯುತ್ತೆ, ಕಾದ ಎಣ್ಣೆಗೆ ನೀರು ಬಿದ್ದ ಹಾಗೆ. ಬಾಣಲೆ ಪಕ್ಕದಲ್ಲಿ ನಿಂತೋರಿಗೇ ಜಾಸ್ತಿ ಹಾರೋದು. ಡಾಕ್ಟರ ಮುಂದೆ ಸೀಸದ ಗಾಜು ತೂಗಾಡ್ತಿದೆ. ನಿಮ್ಮ ಮುಂದೆ ಏನಿದೆ?"

ನೆವೆನಾಳ ಮುಂದೆ ಏನೂ ಇರಲಿಲ್ಲ. ಮುದುಕನ ಕೈ ಇತ್ತು ಅಷ್ಟೇ.

"ಏನು ಎಲ್ಲರೂ ಆ ಕಡೆ ನೋಡ್ತಿದೀರ?" ಎಂದ ಗೆಂಚೊ ಮಲಗಿದಲ್ಲಿಂದಲೇ. "ಫುಟ್‌ಬಾಲಾ? ಯಾರು ಗೋಲು ಹೊಡೆದ್ರು?"

ಕೋಣೆಯಲ್ಲಿ ಎಲ್ಲರೂ ನಕ್ಕರು. ನಗದೆ ನಿಂತವರು ತೊಂಚೆವ್ ಒಬ್ಬರೇ. ತಮ್ಮ ಹೆಸರಿನ ಮುಂದಿನ ಪಟ್ಟಿಯನ್ನು ನೋಡುತ್ತಿದ್ದರು. ಅದು ಕೆಂಪಾಗಿತ್ತು. ಅವರು ನಗೆಮಾತು ಕೇಳುತ್ತ ನಿಂತಿದ್ದಾಗಲೂ ಕೆಂಪಾಗಿಯೇ ಇತ್ತು. ಅವರು ಕೆಳಗೆ ನೋಡಿದರು. ಕಾಲು ಇನ್ನೂ ಪೆಡಲ್ ಮೇಲೇ ಇತ್ತು. ಯಾರೂ ಚಿತ್ರ ನೋಡುತ್ತಿಲ್ಲ, ಕಿರಣ ಮಾತ್ರ ಹರಿಯುತ್ತಲೇ ಇದೆ. ಕಾಲೆತ್ತಿದರು. ಪಟ್ಟಿ ಕುಸಿಯಿತು.

"ಹ್ಞಾ!" ಎಂದರು ಡಾಕ್ಟರು.

ಅಲ್ಲಿಂದ ಅವರ ಕೆಲಸದ ರೀತಿಯೇ ಬೇರೆಯಾಯಿತು. ಸೀಸದ ಗಾಜನ್ನು ಇನ್ನಷ್ಟು ಹತ್ತಿರ ಎಳೆದುಕೊಂಡರು, ಪಟ್ಟಿ ಇಳಿಯಿತು. ರೋಗಿಯ ಎದೆಯ ಮೇಲಿದ್ದ ಚಿತ್ರ ಹಿಡಿಯುವ ತಟ್ಟೆಯನ್ನು ಇನ್ನೂ ಕೆಳಗೆ ತಂದರು, ಮತ್ತಷ್ಟು ಇಳಿಯಿತು. ಬೇಕಾದಾಗ ಮಾತ್ರ ಪೆಡಲ್ ಒತ್ತಿ, ನೋಡಿ, ಕಾಲೆತ್ತಿದರು. ಹೊಸ ಸೈಕಲ್ ಸಿಕ್ಕವರ ಹಾಗೆ ಅವರ ಕಣ್ಣು ಮಿನುಗುತ್ತಿತ್ತು. ಗೆಂಚೊನ ಹೃದಯದಲ್ಲಿ ಸ್ಟೆಂಟ್ ಸರಿಯಾಗಿ ಕೂತಿತು. ಅವನು ಜೇನಿನ ಡಬ್ಬಿ ಕಳಿಸುತ್ತೇನೆಂದು ಹೇಳಿಕೊಂಡೇ ವಾರ್ಡಿಗೆ ಹೋದ.

ಕೈ ತೊಳೆಯುವಾಗ ನೆವೆನಾ ಡಾಕ್ಟರ ಪಕ್ಕ ನಿಂತಳು. ಕೇಳಬೇಕೋ ಬೇಡವೋ ಎಂದು ಮನಸ್ಸು ಅಳುಕಿತು. ಅರ್ಥವಾಗುವ ತನಕ ಕೇಳು ಎಂದಿದ್ದಳಲ್ಲ ಅತ್ತೆ.

"ಡಾಕ್ಟ್ರೇ, ಇವತ್ತು ನಿಮ್ಮ ಪಟ್ಟಿ ನಂದಕ್ಕಿಂತ ಮೇಲಿತ್ತು. ಹಾಗಿದ್ರೆ ತಿಂಗಳ ಬ್ಯಾಡ್ಜಲ್ಲಿ ಸೊನ್ನೆ ಹೇಗೆ ಬಂತು?"

ತೊಂಚೆವ್ ನಲ್ಲಿ ನಿಲ್ಲಿಸಲಿಲ್ಲ. ನೀರು ಸುರಿಯುತ್ತಲೇ ಇತ್ತು.

"ನನ್ನ ಬ್ಯಾಡ್ಜ್ ಕೋಟಲ್ಲಿದೆ ನೆವೆನಾ. ಕೋಟು ಬೀರುವಲ್ಲಿದೆ."

"ಯಾವಾಗಿಂದ?"

"ಯಾವಾಗಲೂ." ದೊಡ್ಡ ದನಿಯ ಆ ಮನುಷ್ಯ ಪಿಸುಗುಟ್ಟುವ ಹಾಗೆ ಮಾತಾಡಿದರು. "ನಾನು ಹೊಸಬನಿದ್ದಾಗ, ಬೇರೆ ಊರಲ್ಲಿ, ನಮ್ಮ ಹಿರಿಯರೊಬ್ಬರಿಗೆ ಜಾಸ್ತಿ ಬಂತು ಅಂತ ಕೆಲಸ ನಿಲ್ಲಿಸಿಬಿಟ್ರು. ನಂಗೂ ಹಾಗೇ ಆದ್ರೆ? ಈ ಊರಲ್ಲಿ ಇನ್ಯಾರಿದಾರೆ? ಎದೆನೋವು ಅಂತ ಬಂದೋರನ್ನ ಮೂರು ಗಂಟೆ ದೂರ ಕಳಿಸ್ಲಾ? ದಾರೀಲೇ ಹೋಗಿಬಿಡ್ತಾರೆ."

ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಆದರೂ ಎಲ್ಲೋ ಏನೋ ತಪ್ಪಿತ್ತು.

"ನಿಮ್ಮ ಕಣ್ಣಿಗೇ ಏನಾದ್ರೂ ಆದ್ರೆ ಆಗ ಅವರನ್ನ ಯಾರು ನೋಡ್ತಾರೆ ಡಾಕ್ಟ್ರೇ?"

ತೊಂಚೆವ್ ಈಗ ನಲ್ಲಿ ನಿಲ್ಲಿಸಿದರು. ತುಂಬ ಹೊತ್ತು ಕೈ ಒರೆಸಿಕೊಂಡರು. "ಕಾರು ಓಡಿಸುವಾಗ ಎದುರಿನ ದೀಪ ಚದುರಿದ ಹಾಗೆ ಕಾಣುತ್ತೆ" ಎಂದರು. "ಹೋದ ಚಳಿಗಾಲದಿಂದ. ವಯಸ್ಸಾಯ್ತು ಅನ್ಕೊಂಡಿದ್ದೆ."

ಇಬ್ಬರೂ ಸೇರಿ ಎಲಿತ್ಸಾಳನ್ನು ಕರೆದರು. ಅವಳು ಬೈಯಲಿಲ್ಲ. "ಕಣ್ಣು ತೋರಿಸಿ, ಇದೇ ವಾರ" ಎಂದಳು. "ಇನ್ನೊಂದು ಮಾತು. ಅಳತೆ ಜಾಸ್ತಿ ಬಂದ ತಕ್ಷಣ ಮನೆಗೆ ಕಳಿಸೋದು ಅಂತಲ್ಲ. ಯಾಕೆ ಬಂತು ಅಂತ ನೋಡಿ ಸರಿಮಾಡೋದು. ಅದಕ್ಕೇ ನಾನಿರೋದು. ನಿಮ್ಮಿಂದ ಸೊನ್ನೆ ಬರ್ತಿದ್ರೆ ನಾನು ಏನನ್ನ ಸರಿಮಾಡ್ಲಿ? ಈ ಕೋಣೇಲಿ ಕೆಲಸ ಹೆಚ್ಚಾಗಿದೆ, ಇನ್ನೊಬ್ಬ ಡಾಕ್ಟರು ಬೇಕು ಅಂತ ಮೇಲಿನೋರಿಗೆ ಹೇಳೋದಕ್ಕೆ ನನ್ನ ಕೈಲಿ ಏನಿದೆ?"

ಕಣ್ಣಿನ ಡಾಕ್ಟರು ನೋಡಿ ಪೊರೆ ಶುರುವಾಗಿದೆ ಎಂದರು. ಈಗಲೇ ಆಪರೇಷನ್ ಬೇಡ, ಸೀಸದ ಕನ್ನಡಕ ಹಾಕದೆ ಆ ಕೋಣೆಗೆ ಕಾಲಿಡಬಾರದು ಎಂದು ಖಡಾಖಂಡಿತವಾಗಿ ಹೇಳಿದರು. ಇದು ವಯಸ್ಸಿನಿಂದ ಬಂತೋ ಎಕ್ಸ್‌ರೇಯಿಂದ ಬಂತೋ ಎಂದು ತೊಂಚೆವ್ ಕೇಳಿದರು. ಕಣ್ಣಿನ ಡಾಕ್ಟರೇ ತಿರುಗಿ ಕೇಳಿದರು: "ಇಷ್ಟು ವರ್ಷದಲ್ಲಿ ನಿಮ್ಮ ಮೇಲೆ ಬಿದ್ದಿದ್ದು ಎಷ್ಟು?"

ಆ ಲೆಕ್ಕ ತೊಂಚೆವ್ ಬಳಿ ಇರಲಿಲ್ಲ. ಯಾರ ಬಳಿಯೂ ಇರಲಿಲ್ಲ. ಮುಂದೆಯೂ ಇರುವುದಿಲ್ಲ. ಅವತ್ತು ಕಣ್ಣಾಸ್ಪತ್ರೆಯಿಂದ ಬಂದವರು ಬೀರು ತೆರೆದು, ಕೋಟಿನಿಂದ ಬ್ಯಾಡ್ಜ್ ಬಿಚ್ಚಿ ಕೊರಳಿಗೆ ಸಿಕ್ಕಿಸಿಕೊಂಡದ್ದನ್ನು ನೆವೆನಾ ಕಣ್ಣಾರೆ ನೋಡಿದಳು. ಅವರ ಮುಖದಲ್ಲಿ ನಾಚಿಕೆ ಇತ್ತು. ಅದಕ್ಕಿಂತ ಹೆಚ್ಚಾಗಿ ಪಶ್ಚಾತ್ತಾಪವಿತ್ತು.

ಈಗ ನೆವೆನಾಳ ಪ್ರಶ್ನೆ ಉಳಿದಿತ್ತು. ರೋಗಿಯ ಕೈ ಬಿಡುವುದು ಅವಳಿಂದ ಆಗದ ಮಾತು. ಎಲಿತ್ಸಾ ಹೇಳಿ ಚಕ್ರವಿರುವ ಒಂದು ಸೀಸದ ಅಡ್ಡಗೋಡೆ ತರಿಸಿಕೊಟ್ಟಳು. ಈಗ ನೆವೆನಾ ಮೊದಲು ಹೋಗಿ ಕೈ ಹಿಡಿಯುತ್ತಾಳೆ. ಡಾಕ್ಟರು "ಚಿತ್ರ" ಎಂದು ಕೂಗಿದ ಕೂಡಲೇ ಹಿಂದೆ ಸರಿದು ಅಡ್ಡಗೋಡೆಯ ಮರೆಗೆ ನಿಲ್ಲುತ್ತಾಳೆ. ಮಾತು ಮಾತ್ರ ನಿಲ್ಲಿಸುವುದಿಲ್ಲ. "ಇಲ್ಲೇ ಇದೀನಿ ತಾತ, ಹೇಳಿ, ಮೊಮ್ಮಗಳ ಮದುವೆ ಎಲ್ಲಿ ಮಾಡಿದ್ರಿ?" ಸೀಸ ಕಿರಣವನ್ನು ತಡೆಯುತ್ತದೆ, ದನಿಯನ್ನಲ್ಲ. ಚಿತ್ರ ಮುಗಿದ ಮೇಲೆ ಮತ್ತೆ ಬಂದು ಕೈ ಹಿಡಿಯುತ್ತಾಳೆ.

ಮುಂದಿನ ತಿಂಗಳ ಅಳತೆ ಬಂದ ದಿನ ಅವಳು ಮನೆಗೆ ಬಂದು ಚಪ್ಪಲಿ ಬಿಡುವಷ್ಟರಲ್ಲೇ ಬೊಯಾನ್ ಎದುರು ಬಂದ.

"ಎಷ್ಟು?"

"ಅರ್ಧಕ್ಕಿಂತ ಎಷ್ಟೋ ಕೆಳಗೆ ಬಂದಿದೆ."

"ಅದು ನಿಜ ಅಂತ ಹೇಗೆ ನಂಬೋದು?"

"ಬಾ ನಂಜೊತೆ. ಎಲಿತ್ಸಾನ ಕೇಳಿದೀನಿ, ಮನೆಯೋರೂ ಬರಬಹುದು ಅಂದಿದಾಳೆ. ಬ್ಯಾಡ್ಜ್ ಹೇಗೆ ಓದ್ತಾರೆ ಅಂತ ತೋರಿಸ್ತಾಳೆ. ನಿಂಗೆ ಬೇಕಾದ್ದು ಕೇಳು."

ಅವನು ಹೋದ. ಬೇಕಾದ್ದು ಬೇಡದ್ದು ಎಲ್ಲ ಕೇಳಿದ. ಬ್ಯಾಡ್ಜ್ ಕಿರಣವನ್ನು ತಡೆಯುತ್ತದೆಯೇ ಎಂದು ಕೇಳಿ, ಇಲ್ಲ, ಜ್ವರ ಅಳೆಯುವ ಕಡ್ಡಿ ಜ್ವರ ಇಳಿಸುವುದಿಲ್ಲವಲ್ಲ, ಹಾಗೆ ಎಂಬ ಉತ್ತರ ಪಡೆದ. ನೆವೆನಾಳಿಂದ ಬೇರೆಯವರಿಗೆ ಅಂಟುತ್ತದೆಯೇ ಎಂದು ಕೇಳಿ, ಮೆಷಿನ್ ನಿಂತ ಕ್ಷಣವೇ ಕಿರಣವೂ ಇಲ್ಲ, ಅವಳ ಮೈಯಲ್ಲಾಗಲಿ ಬಟ್ಟೆಯಲ್ಲಾಗಲಿ ಏನೂ ಉಳಿಯುವುದಿಲ್ಲ ಎಂದು ತಿಳಿದುಕೊಂಡ. ವಾಪಸ್ ಬರುವಾಗ ಬಂದರಿನ ಆಫೀಸಿನ ಸುದ್ದಿ ಎತ್ತಲಿಲ್ಲ. ಮರುದಿನ ಕ್ಯಾಂಟೀನಿನಲ್ಲಿ ಪೆನ್ಕಾಳ ಮುಂದೆ ಕೂತು ಇದನ್ನೆಲ್ಲ ತಾನೇ ಕಂಡುಹಿಡಿದವನ ಹಾಗೆ ವಿವರಿಸಿ ಬಂದನಂತೆ. ಪೆನ್ಕಾ ಆಮೇಲೆ ನೆವೆನಾಳಿಗೆ ತನ್ನ ಪಕ್ಕದಲ್ಲೇ ಜಾಗ ಹಿಡಿದಿಟ್ಟಿದ್ದಳು.

ಡಾಕ್ಟರ್ ತೊಂಚೆವ್ ಅವರ ಅಳತೆಯೂ ಅವತ್ತೇ ಬಂದಿತ್ತು. ಮೊದಲ ಸಲ ಅದು ಸೊನ್ನೆಯಾಗಿರಲಿಲ್ಲ. ಅದನ್ನೇ ಮುಂದಿಟ್ಟುಕೊಂಡು ಎಲಿತ್ಸಾ ಮೇಲಿನವರ ಜೊತೆ ಜಗಳವಾಡಿದಳು. ವಸಂತದ ಹೊತ್ತಿಗೆ ಆ ಊರಿಗೆ ಎರಡನೆಯ ಹೃದಯದ ಡಾಕ್ಟರು ಬಂದರು.

ಇದನ್ನು ಓದುತ್ತಿರುವವರೇ, ಕೇಳುತ್ತಿರುವವರೇ, ಎಕ್ಸ್‌ರೇ ನೋಡಿಕೊಂಡು ಚಿಕಿತ್ಸೆ ಮಾಡುವ ಕೋಣೆಗಳು ನಮ್ಮ ಊರುಗಳಲ್ಲೂ ಇವೆ. ಹೃದಯದ್ದು, ಮೂಳೆಯದ್ದು, ಮೂತ್ರಪಿಂಡದ ಕಲ್ಲಿನದ್ದು. ಅಲ್ಲಿ ದುಡಿಯುವವರು ನೀವಾಗಿದ್ದರೆ ಬ್ಯಾಡ್ಜನ್ನು ಬೀರುವಿನಲ್ಲಿ ಬಿಡಬೇಡಿ, ಮೈಮೇಲೆ ಹಾಕಿ. ಏಪ್ರನ್, ಕೊರಳಪಟ್ಟಿ, ಕನ್ನಡಕ ಭಾರವೆಂದು ಬದಿಗಿಡಬೇಡಿ. ಸೀಸದ ಗಾಜನ್ನು ಎಳೆದುಕೊಳ್ಳಿ, ಬೇಡದಾಗ ಪೆಡಲ್‌ನಿಂದ ಕಾಲೆತ್ತಿ, ಆದಷ್ಟು ಒಂದು ಹೆಜ್ಜೆ ಹಿಂದೆ ನಿಲ್ಲಿ. ಅಳತೆ ಬಂದಾಗ ಹೆದರಬೇಡಿ, ಮುಚ್ಚಿಡಬೇಡಿ, ಯಾಕೆ ಎಂದು ಕೇಳಿ. ಆಸ್ಪತ್ರೆ ನಡೆಸುವವರು ನೀವಾಗಿದ್ದರೆ, ಜಾಸ್ತಿ ಬಂದವರನ್ನು ದಂಡಿಸಬೇಡಿ. ದಂಡಿಸಿದರೆ ಎಲ್ಲರ ಬ್ಯಾಡ್ಜೂ ಸೊನ್ನೆ ತೋರಿಸಲು ಶುರುಮಾಡುತ್ತದೆ.

ನಿಮ್ಮ ಮನೆಯಲ್ಲಿ ಅಂಥ ಕೋಣೆಗೆ ಕೆಲಸಕ್ಕೆ ಹೋಗುವ ಮಗಳೋ ಸೊಸೆಯೋ ಅಣ್ಣನೋ ಇದ್ದರೆ, ಇವತ್ತು ಅವರು ಮನೆಗೆ ಬಂದಾಗ ಊಟಕ್ಕೆ ಕೂರಿಸಿ ಒಂದೇ ಒಂದು ಮಾತು ಕೇಳಿ: "ಈ ತಿಂಗಳು ನಿನ್ನ ಅಳತೆ ಎಷ್ಟು ಬಂತು?"

"ಗೊತ್ತಿಲ್ಲ" ಎಂದರೆ, ನಾಳೆ ತಿಳಿದುಕೊಂಡು ಬರಲು ಹೇಳಿ.